ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಗಿಟಾರ್: ಪಿಕಪ್ ಬದಲಿಸಿದ ಸ್ಟ್ರ್ಯಾಟಾ, ಲೆಸ್ ಪಾಲಾ, ಪೆಸಿಫಿಕಾನಾ?

ಇಪ್ಪತ್ತು ಸಾವಿರದ ಆಸುಪಾಸಿನಲ್ಲಿ ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಗಿಟಾರ್ ಹುಡುಕುತ್ತಿದ್ದೀರಾದರೆ ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಯಮಾಹಾ ಪೆಸಿಫಿಕಾ 112ವಿ ಒಳ್ಳೆಯ ಸ್ಥಿತಿಯಲ್ಲಿ ಸಿಕ್ಕರೆ ತಗೊಳ್ಳಿ, ಅದರ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ) ಬಿಚ್ಚಲು ಹೋಗಬೇಡಿ. ಮೂರು ಥರದ ಗಿಟಾರುಗಳನ್ನು ವೇದಿಕೆಯ ಮೇಲೆ ನುಡಿಸಿ ನೋಡಿದ ಮೇಲೆ ನನ್ನ ಕೈಯಲ್ಲಿ ಉಳಿದಿರುವುದು ಅದೊಂದೇ.

ನಾನು ನುಡಿಸುವುದು ಆರ್ಕೆಸ್ಟ್ರಾದಲ್ಲಿ. ತುಮಕೂರಿನ ಸುತ್ತಮುತ್ತ ಗಣೇಶನ ಸೀಸನ್, ನವೆಂಬರ್ ತಿಂಗಳಿಡೀ ರಾಜ್ಯೋತ್ಸವ, ನಡುನಡುವೆ ಮದುವೆ ರಿಸೆಪ್ಷನ್. ಒಂದು ಹಾಡು ಎಂಬತ್ತರ ದಶಕದ ಮೆಲೊಡಿ, ಗಿಟಾರು ಗಾಜಿನಷ್ಟು ತಿಳಿಯಾಗಿರಬೇಕು. ಅದು ಮುಗಿದ ಕೂಡಲೇ ಮಾಸ್ ಹಾಡು, ನಾದವನ್ನು ಒರಟಾಗಿಸುವ ಡಿಸ್ಟಾರ್ಷನ್ ಹಾಕಿ ಗುಡುಗಬೇಕು. ಆಂಪ್ಲಿಫೈಯರ್ ಹೊತ್ತುಕೊಂಡು ಹೋಗುವ ಮಾತೇ ಇಲ್ಲ, ಎಫೆಕ್ಟ್ ಪೆಟ್ಟಿಗೆಯಾದ ಪ್ರೊಸೆಸರಿನಿಂದ ನೇರ ಮಿಕ್ಸರಿಗೆ. ಮನೆಯಲ್ಲಿ ಒಳ್ಳೆಯ ಆಂಪ್ ಇಟ್ಟುಕೊಂಡು ಬ್ಲೂಸ್ ನುಡಿಸುವವರಿಗೆ ನನ್ನ ತೀರ್ಪು ಹೊಂದದೆ ಹೋಗಬಹುದು.

ಹೋಲಿಕೆಗೆ ಬಂದ ಮೊದಲನೆಯದು ಸ್ಟ್ರ್ಯಾಟ್ (ಫೆಂಡರ್ ಕಂಪನಿಯ ಸ್ಟ್ರ್ಯಾಟೊಕ್ಯಾಸ್ಟರ್) ಮಾದರಿಯ ಅಗ್ಗದ ಗಿಟಾರ್. ಹಿಂದಿನ ಮಾಲೀಕ ಅದಕ್ಕೆ ಅಲ್ನಿಕೊ 5 ಮ್ಯಾಗ್ನೆಟ್ಟಿನ ವಿದೇಶಿ ಸಿಂಗಲ್ ಕಾಯಿಲ್ (ಒಂದೇ ಸುರುಳಿಯ ಪಿಕಪ್) ಸೆಟ್ ಹಾಕಿಸಿದ್ದ. ಎರಡನೆಯದು ಎರಡು ಹಂಬಕರ್ (ಎರಡು ಸುರುಳಿಯ ಪಿಕಪ್) ಇರುವ, ಗಿಬ್ಸನ್ನಿನ ಲೆಸ್ ಪಾಲ್ ಮಾದರಿಯದು. ಮೂರನೆಯದು ಪೆಸಿಫಿಕಾ: ಕುತ್ತಿಗೆಯ ಕಡೆ ಮತ್ತು ನಡುವೆ ಸಿಂಗಲ್ ಕಾಯಿಲ್, ತಂತಿಗಳು ಮೈಯ ಮೇಲೆ ಕೂರುವ ಬ್ರಿಡ್ಜ್ ಹತ್ತಿರ ಹಂಬಕರ್.

ಸ್ಟ್ರ್ಯಾಟ್ ಮಾರಿದ ಹುಡುಗನ ಮಾತು ಸರಳವಾಗಿತ್ತು. "ಅಣ್ಣಾ, ಪಿಕಪ್ಪೇ ಹದಿನೆಂಟು ಸಾವಿರದ್ದು, ಗಿಟಾರ್ ಫ್ರೀ ಅಂದ್ಕೊಳ್ಳಿ." ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಈ ಮಾತು ಎಲ್ಲೆಲ್ಲೂ ಕೇಳುತ್ತದೆ. ಅವನು ಸುಳ್ಳನ್ನೇನೂ ಹೇಳಿರಲಿಲ್ಲ. ಮನೆಯಲ್ಲಿ ಹೆಡ್‌ಫೋನ್ ಹಾಕಿ ನುಡಿಸಿದರೆ ಆ ನಾದ ನಿಜಕ್ಕೂ ಸೊಗಸು. ಸ್ವಿಚ್ಚನ್ನು ಎರಡನೆಯ ಅಥವಾ ನಾಲ್ಕನೆಯ ಜಾಗಕ್ಕೆ ಸರಿಸಿದರೆ ಎರಡು ಪಿಕಪ್ ಕೂಡಿ ಹೊರಡುವ ಆ ಟೊಳ್ಳು, ಹೊಳಪಿನ ಸದ್ದಿಗೆ ಮೂರರಲ್ಲಿ ಇದಕ್ಕೆ ಸಾಟಿಯೇ ಇಲ್ಲ. ತೊಂದರೆ ಶುರುವಾಗುವುದು ಪೆಂಡಾಲಿನಲ್ಲಿ.

ಆ ತೊಂದರೆ ಹಮ್ ಸದ್ದು. ಸಿಂಗಲ್ ಕಾಯಿಲ್ ಅಂದರೆ ಮ್ಯಾಗ್ನೆಟ್ಟಿನ ಸುತ್ತ ಕೂದಲಿಗಿಂತ ತೆಳು ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ಸುರುಳಿ. ಗಿಟಾರ್ ತಂತಿಯ ಕಂಪನವನ್ನು ಹಿಡಿಯುವ ಅದೇ ಸುರುಳಿ ಸುತ್ತಮುತ್ತಲ ಕರೆಂಟಿನ 50 ಹರ್ಟ್ಸ್ ಅಯಸ್ಕಾಂತ ಕ್ಷೇತ್ರವನ್ನೂ ಹಿಡಿಯುತ್ತದೆ. ಅಗ್ಗದ್ದೋ ದುಬಾರಿಯೋ, ಒಂದೇ ಸುರುಳಿ ಇದ್ದ ಮೇಲೆ ಇದು ತಪ್ಪಿದ್ದಲ್ಲ. ಪೆಂಡಾಲಿನಲ್ಲಿ ನಾವು ನಿಲ್ಲುವ ಜಾಗವಾದರೂ ಎಂಥದ್ದು? ತಲೆಯ ಮೇಲೆ ಸೀರಿಯಲ್ ಸೆಟ್, ಪಕ್ಕದಲ್ಲಿ ಪಾರ್ ಲೈಟುಗಳ ಡಿಮ್ಮರ್, ಬೆನ್ನ ಹಿಂದೆ ಎಲ್‌ಇಡಿ ಪರದೆಯ ಪವರ್ ಸಪ್ಲೈ ಸಾಲು, ಅಷ್ಟು ದೂರದಲ್ಲಿ ಜನರೇಟರ್. ಡಿಮ್ಮರ್ ಕರೆಂಟಿನ ಅಲೆಯನ್ನು ಕತ್ತರಿಸಿ ಕತ್ತರಿಸಿ ಬಿಡುವುದರಿಂದ ಬರೀ 'ಮ್ಮ್' ಅನ್ನಬೇಕಾದದ್ದು 'ಝ್‌ಝ್' ಅನ್ನುವ ಚೂಪು ಸದ್ದಾಗುತ್ತದೆ. ಕ್ಲೀನ್ ಹಾಡಿನಲ್ಲಿ ಇದು ಯಾರ ಕಿವಿಗೂ ಬೀಳುವುದಿಲ್ಲ. ಡಿಸ್ಟಾರ್ಷನ್ ಒತ್ತಿದ ಕ್ಷಣವೇ ಪ್ರೊಸೆಸರ್ ಸಣ್ಣ ಸದ್ದನ್ನೂ ದೊಡ್ಡದು ಮಾಡಿ ಎತ್ತುತ್ತದೆ. ಹಾಡಿನ ನಡುವೆ ಎಲ್ಲರೂ ತಡೆದು ನಿಲ್ಲುವ ಒಂದು ಬಾರ್ ಬರುತ್ತದಲ್ಲ, ಅಲ್ಲಿ ಇಡೀ ಮೈದಾನಕ್ಕೆ ನನ್ನ ಗಿಟಾರಿನ ಗುಯ್ಗುಟ್ಟುವಿಕೆ ಮಾತ್ರ. ಕನ್ಸೋಲಿನಿಂದ ಸೌಂಡಿನವರು ಕೈಸನ್ನೆ ಮಾಡುತ್ತಾರೆ: "ಗುರೂ, ಆ ಸೌಂಡ್ ನಿಂದಾ?"

ಇದಕ್ಕೆ ಜನ ಹೇಳುವ ಔಷಧಿಗಳನ್ನೆಲ್ಲ ಪ್ರಯೋಗಿಸಿದ್ದೇನೆ. ಒಳಗಿನ ಕುಳಿಗೆ ತಾಮ್ರದ ಟೇಪ್ ಅಂಟಿಸಿ ಗ್ರೌಂಡಿಗೆ ಸೇರಿಸಿದರೆ ಅರ್ಧ ಗುಣ. ತಂತಿ ಮುಟ್ಟಿದಾಗ ಕಡಿಮೆಯಾಗಿ, ಕೈ ತೆಗೆದಾಗ ಹೆಚ್ಚುವ ಚೂಪು ಸದ್ದು ಇಳಿಯುತ್ತದೆ. ಆದರೆ ಅಯಸ್ಕಾಂತ ಕ್ಷೇತ್ರದಿಂದ ಬರುವ ದಪ್ಪ ಹಮ್ಮನ್ನು ಆ ತೆಳು ಹಾಳೆ ತಡೆಯುವುದಿಲ್ಲ. ಈ ವ್ಯತ್ಯಾಸ ತಿಳಿಸದೆ 'ಶೀಲ್ಡಿಂಗ್ ಮಾಡಿಸಿ, ಸೈಲೆಂಟ್ ಆಗುತ್ತೆ' ಎಂದು ದುಡ್ಡು ಕೇಳುವವರಿದ್ದಾರೆ. ಪ್ರೊಸೆಸರಿನ ನಾಯ್ಸ್ ಗೇಟ್ ಮೌನದಲ್ಲಿ ಸದ್ದನ್ನು ಮುಚ್ಚುತ್ತದೆ, ಜೊತೆಗೆ ಎಳೆದು ಹಿಡಿದ ಸ್ವರದ ಬಾಲವನ್ನೂ ಕತ್ತರಿಸುತ್ತದೆ. ಸೋಲೋದ ಕೊನೆಯ ಸ್ವರ ಹಾಗೆ ಪಟ್ಟನೆ ಸತ್ತರೆ ಹೊಟ್ಟೆ ಉರಿಯುತ್ತದೆ. ನಿಂತಲ್ಲೇ ಮೈ ತಿರುಗಿಸುತ್ತಾ ಹೋದರೆ ಒಂದು ಕೋನದಲ್ಲಿ ಹಮ್ ಬಹುಪಾಲು ಅಡಗುತ್ತದೆ, ಇದು ನಿಜ. ಆದರೆ ಆ ಕೋನದಲ್ಲಿ ನನ್ನ ಮುಖ ಡ್ರಮ್ಮರ್ ಕಡೆಗಿತ್ತು.

ಎರಡು ಮತ್ತು ನಾಲ್ಕನೆಯ ಜಾಗಗಳಲ್ಲಿ ಹಮ್ ಇರುವುದಿಲ್ಲ ಎನ್ನುತ್ತಾರೆ. ನಡುವಿನ ಪಿಕಪ್ಪನ್ನು ತಿರುವುಮುರುವಾಗಿ ಸುತ್ತಿ ಮ್ಯಾಗ್ನೆಟ್ಟನ್ನೂ ತಿರುಗಿಸಿ ಕೂರಿಸಿದ್ದರೆ ಅದು ಸರಿ. ಹಳೆಯ ಕಾಲದ ನಕಲು ಎಂದು ಮಾರುವ ಎಷ್ಟೋ ಸೆಟ್‌ಗಳಲ್ಲಿ ಮೂರೂ ಒಂದೇ ದಿಕ್ಕಿನವು. ಕೊಳ್ಳುವ ಮುಂಚೆ ಕೇಬಲ್ ಹಾಕಿ ಆ ಜಾಗಗಳಲ್ಲಿ ಸದ್ದು ಇಳಿಯುತ್ತದೆಯೇ ಕೇಳಿಸಿಕೊಳ್ಳಿ. ಒಂದರ ಮೇಲೊಂದು ಸುರುಳಿ ಇರುವ ನಾಯ್ಸ್‌ಲೆಸ್ ಪಿಕಪ್ಪುಗಳೂ ಬಂದಿವೆ. ಹಮ್ ಮಾಡುವುದಿಲ್ಲ, ನನ್ನ ಕಿವಿಗೆ ಮೇಲಿನ ಹೊಳಪು ಸ್ವಲ್ಪ ಮಂಕು, ಬೆಲೆ ನನ್ನ ಕೈಗೆ ಎಟುಕುವಂಥದ್ದಲ್ಲ.

ಮನೆಯಲ್ಲೂ ಇದೇ ಕಥೆ. ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಎರಡರಲ್ಲಿಟ್ಟರೆ ಗಿಟಾರ್ ಗುಂಯ್‌ಗುಡುತ್ತದೆ, ಐದರಲ್ಲಿಟ್ಟರೆ ಕಡಿಮೆಯಾಗುತ್ತದೆ. ಕರೆಂಟ್ ಹೋಗಿ ಸ್ಕ್ವೇರ್ ವೇವ್ ಇನ್ವರ್ಟರ್ ಹತ್ತಿಕೊಂಡರಂತೂ ಅಭ್ಯಾಸ ಅಲ್ಲಿಗೆ ಬಂದ್. ಮಾತು ಬಂದದ್ದಕ್ಕೆ ಇನ್ನೊಂದು ಹೇಳಿಬಿಡಬೇಕು. ಗಿಟಾರಿನ ತಂತಿಗಳೆಲ್ಲ ಬ್ರಿಡ್ಜ್ ಮೂಲಕ ಕೇಬಲ್ಲಿನ ಗ್ರೌಂಡಿಗೆ ಸೇರಿರುತ್ತವೆ. ಪೆಂಡಾಲಿನಲ್ಲಿ ಅರ್ಥಿಂಗ್ ಸರಿಯಿಲ್ಲದಿದ್ದರೆ, ತಂತಿ ಹಿಡಿದು ಕೋರಸ್ ಹಾಡಲು ಮೈಕಿಗೆ ಬಾಯಿ ಕೊಟ್ಟಾಗ ತುಟಿಗೆ ಚುರ್ರೆನ್ನುತ್ತದೆ. ಅದು ಪಿಕಪ್ಪಿನ ದೋಷವಲ್ಲ, ಜೀವಕ್ಕೆ ಅಪಾಯ. ಎಲೆಕ್ಟ್ರಿಷಿಯನ್ ಬಂದು ನೋಡುವವರೆಗೆ ಗಿಟಾರ್ ಕೆಳಗಿಡಿ. ಪ್ಲಗ್ಗಿನ ಅರ್ಥ್ ಪಿನ್ ಕಿತ್ತು ಹಮ್ ಕಡಿಮೆ ಮಾಡುವ ಚಾಳಿ ಕೆಲವರಿಗಿದೆ. ದಯವಿಟ್ಟು ಅದನ್ನು ಮಾಡಬೇಡಿ, ಮಾಡಲು ಬಿಡಲೂಬೇಡಿ.

ಹಮ್ಮಿಗೆ ಸರಿಯಾದ ಉತ್ತರ 1955ರಷ್ಟು ಹಿಂದೆಯೇ ಸಿಕ್ಕಿದೆ. ಗಿಬ್ಸನ್ ಕಂಪನಿಯ ಸೆತ್ ಲವರ್ ಆ ವರ್ಷ ಎರಡು ಸುರುಳಿಯ ಪಿಕಪ್ಪಿಗೆ ಪೇಟೆಂಟ್ ಅರ್ಜಿ ಹಾಕಿದರು. ಎರಡು ಸುರುಳಿಗಳನ್ನು ಒಂದಕ್ಕೊಂದು ವಿರುದ್ಧವಾಗಿ ಜೋಡಿಸಿ, ಮ್ಯಾಗ್ನೆಟ್ಟಿನ ಧ್ರುವವನ್ನೂ ಅದಲುಬದಲು ಮಾಡಿದರೆ ಹೊರಗಿನಿಂದ ಬಂದ ಹಮ್ ಒಂದನ್ನೊಂದು ಹೊಡೆದುಹಾಕುತ್ತದೆ, ತಂತಿಯ ನಾದ ಮಾತ್ರ ಕೂಡಿಕೊಂಡು ದೊಡ್ಡದಾಗುತ್ತದೆ. ಹಂಬಕರ್ ಅಂದರೆ ಇಷ್ಟೇ.

ಹಾಗಾದರೆ ಎರಡು ಹಂಬಕರ್ ಇರುವ ಲೆಸ್ ಪಾಲ್ ಮಾದರಿಯೇ ಸಾಕಲ್ಲ? ಹಮ್ಮಿನ ಮಟ್ಟಿಗೆ ಅದು ನಿಶ್ಶಬ್ದ, ಡಿಸ್ಟಾರ್ಷನ್ನಿನಲ್ಲಿ ರಾಜ. ಕ್ಲೀನ್ ಮೆಲೊಡಿಯಲ್ಲಿ ಮಾತ್ರ ಕೀಬೋರ್ಡಿನ ಸ್ಟ್ರಿಂಗ್ಸ್ ಒಳಗೆ ಹೂತುಹೋಗುತ್ತದೆ. ನಾಲ್ಕು ಕಿಲೋ ತೂಕ, ಮಧ್ಯರಾತ್ರಿ ಹೊತ್ತಿಗೆ ಎಡಭುಜ ಹಿಡಿದುಕೊಳ್ಳುತ್ತದೆ. ತಲೆ ಹಿಂದಕ್ಕೆ ಬಾಗಿರುವುದರಿಂದ ಟೆಂಪೋದಲ್ಲಿ ಒಮ್ಮೆ ಬಿದ್ದರೆ ಕುತ್ತಿಗೆ ಮುರಿಯುವ ಭಯ ಬೇರೆ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ನಟ್ (ಕುತ್ತಿಗೆಯ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ) ಹಿಂಭಾಗದಲ್ಲಿ ಉಗುರು ಆಡಿಸಿ ನೋಡಿ. ಬಣ್ಣದ ಕೆಳಗೆ ಕೂದಲೆಳೆಯಷ್ಟು ಗೆರೆ ಸಿಕ್ಕಿದರೆ ಅಲ್ಲಿಗೆ ಕೈ ಮುಗಿದು ಬನ್ನಿ.

ಪೆಸಿಫಿಕಾ ನನಗೆ ಒಗ್ಗಿದ್ದು ಇಲ್ಲೇ. ಹಮ್ ಕಾಡುವುದು ಡಿಸ್ಟಾರ್ಷನ್ ಹಾಕಿದಾಗ, ಆಗ ನನ್ನ ಸ್ವಿಚ್ ಬ್ರಿಡ್ಜಿನ ಹಂಬಕರ್ ಮೇಲಿರುತ್ತದೆ. ಸಿಂಗಲ್ ಕಾಯಿಲ್ ಬೇಕಾಗುವುದು ಕ್ಲೀನ್ ಹಾಡಿಗೆ, ಆಗ ಹಮ್ ಕೇಳಿಸುವುದೇ ಇಲ್ಲ. ಒಂದು ಸ್ವಿಚ್ಚಿನ ದೂರದಲ್ಲಿ ಎರಡೂ ಸಿಗುತ್ತವೆ. ಟೋನ್ ಗುಂಡಿಯನ್ನು ಮೇಲಕ್ಕೆಳೆದರೆ ಹಂಬಕರಿನ ಒಂದು ಸುರುಳಿ ಮಾತ್ರ ಕೆಲಸ ಮಾಡುತ್ತದೆ. ನಾದದ ಜೋರು ಇಳಿಯುವುದರಿಂದ ಅದನ್ನು ನಾನು ಅಪರೂಪಕ್ಕೆ ಬಳಸುತ್ತೇನೆ. ಆಲ್ಡರ್ ಮರದ ಮೈ, ಹೆಚ್ಚು ತೂಕವಿಲ್ಲ. ಪಿಕಪ್ಪುಗಳೂ ಅಲ್ನಿಕೊ 5. ನಾನು ಕೊಟ್ಟಿದ್ದು ಹದಿನೇಳು ಸಾವಿರ, ಚೀಲ ಸೇರಿ.

ಇದಕ್ಕೂ ಪಿಕಪ್ ಬದಲಿಸಿ ನೋಡಿದ್ದೇನೆ. ಗೆಳೆಯನೊಬ್ಬ ಕೊಟ್ಟ ಸೀಮೋರ್ ಡಂಕನ್ ಕಂಪನಿಯ ಜೆಬಿ ಹಂಬಕರನ್ನು ಬ್ರಿಡ್ಜಿಗೆ ಕೂರಿಸಿ ಒಂದು ಮದುವೆ ಸೀಸನ್ ಪೂರ್ತಿ ನುಡಿಸಿದೆ. ಹೆಡ್‌ಫೋನಿನಲ್ಲಿ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ, ಮಧ್ಯದ ಸ್ವರಗಳು ಎದೆಯುಬ್ಬಿಸಿ ಮುಂದೆ ಬರುತ್ತವೆ. ವೇದಿಕೆಯಲ್ಲಿ ಡ್ರಮ್ಸ್, ಬೇಸ್, ಎರಡು ಕೀಬೋರ್ಡ್ ಸೇರಿದ ಮೇಲೆ ಅದು ಮಿಕ್ಸರಿನ ಮಿಡ್ ಗುಂಡಿಯನ್ನು ಸ್ವಲ್ಪ ತಿರುಗಿಸಿದಷ್ಟು. ಸೀಸನ್ ಮುಗಿದ ಮೇಲೆ ಮೂಲ ಪಿಕಪ್ಪನ್ನೇ ವಾಪಸ್ ಕೂರಿಸಿದೆ. ಹೆಚ್ಚು ಗೇನ್ ಬೇಕೆಂದರೆ ಪ್ರೊಸೆಸರಿನಲ್ಲೇ ಬೇಕಾದಷ್ಟಿದೆ.

ಪಿಕಪ್ ಕೊಳ್ಳಲೇಬೇಕು ಎನ್ನುವವರು ಓಮ್ (ಸುರುಳಿಯ ವಿದ್ಯುತ್ ಪ್ರತಿರೋಧ) ಲೆಕ್ಕಕ್ಕೆ ಮರುಳಾಗಬೇಡಿ. ಸ್ಟ್ರ್ಯಾಟಿನ ಸಿಂಗಲ್ ಕಾಯಿಲ್ ಸುಮಾರು 6 ಕಿಲೋಓಮ್, ಹಳೆಯ ಶೈಲಿಯ ಹಂಬಕರ್ 8ರ ಸುತ್ತ, ಜೆಬಿ 16ಕ್ಕೂ ಮೇಲೆ. ಸುರುಳಿಯ ತಂತಿ ತೆಳುವಾದರೂ ಓಮ್ ಏರುತ್ತದೆ, ಹೀಗಾಗಿ ಆ ಸಂಖ್ಯೆ ನಾದದ ಗುಣವನ್ನು ಹೇಳುವುದಿಲ್ಲ. ಅದು ಉಪಯೋಗಕ್ಕೆ ಬರುವುದು ಸೆಕೆಂಡ್ ಹ್ಯಾಂಡ್ ಪರೀಕ್ಷೆಗೆ. ಗಿಟಾರಿಗೆ ಕೇಬಲ್ ಚುಚ್ಚಿ, ವಾಲ್ಯೂಮ್ ಪೂರ್ತಿ ಇಟ್ಟು, ಇನ್ನೊಂದು ತುದಿಯ ಪಿನ್ನಿನ ತುದಿಗೂ ಬುಡಕ್ಕೂ ಮಲ್ಟಿಮೀಟರ್ ಹಿಡಿದು ಸ್ವಿಚ್ಚನ್ನು ಒಂದೊಂದಾಗಿ ಸರಿಸಿ. ಯಾವುದಾದರೂ ಒಂದು ಜಾಗದಲ್ಲಿ ಮೀಟರ್ ನೂರಾರು ಕಿಲೋಓಮ್ ತೋರಿಸಿದರೆ ಆ ಸುರುಳಿ ಕಡಿದಿದೆ. ಗಿಟಾರ್ ಬಿಚ್ಚದೆಯೇ ತಿಳಿಯುತ್ತದೆ, ಮಾರುವವರೂ ಬೇಡ ಎನ್ನಲಾರರು.

ಅಗ್ಗದ ಗಿಟಾರಿಗೆ ದುಬಾರಿ ಪಿಕಪ್ ಹಾಕಿಸಿದರೆ ಖರ್ಚು ಅಲ್ಲಿಗೇ ನಿಲ್ಲುವುದಿಲ್ಲ. ಒಳ್ಳೆಯ ಪಾಟ್ (ವಾಲ್ಯೂಮ್, ಟೋನ್ ಗುಂಡಿಗಳ ಕೆಳಗಿನ ಭಾಗ) ಬೇಕೆನಿಸುತ್ತದೆ. ಅಮೆರಿಕದ ಅಳತೆಯ ಪಾಟ್‌ಗೆ ಒಂಬತ್ತೂವರೆ ಮಿಲಿಮೀಟರ್ ತೂತು ಬೇಕು, ಏಷ್ಯಾದಲ್ಲಿ ತಯಾರಾಗುವ ಅಗ್ಗದ ಗಿಟಾರಿನ ತೂತು ಅದಕ್ಕಿಂತ ಚಿಕ್ಕದು. ಕೊರೆಸಬೇಕು. ಹಳೆಯ ಗುಂಡಿ ಹೊಸ ದಂಡಿಗೆ ಕೂರುವುದಿಲ್ಲ. ಸಿಂಗಲ್ ಕಾಯಿಲ್‌ಗೆ 250 ಕಿಲೋಓಮ್ ಪಾಟ್, ಹಂಬಕರ್‌ಗೆ 500 ರೂಢಿ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಪಾಟ್ ಅಗ್ಗಕ್ಕೆ ಸಿಗುತ್ತವೆ, ಆದರೆ ದಂಡಿನ ಉದ್ದ, ಹಲ್ಲಿನ ಎಣಿಕೆ ನೋಡಿಯೇ ತನ್ನಿ. ಎರಡು ಕಂಪನಿಯ ಹಂಬಕರ್ ಬೆರೆಸುವುದಾದರೆ ವೈರಿನ ಬಣ್ಣ ಗಮನಿಸಿ: ಸೀಮೋರ್ ಡಂಕನ್ನಿನಲ್ಲಿ ಹಾಟ್ ವೈರ್ (ನಾದದ ಸಂಕೇತ ಹೊರಡುವ ವೈರ್) ಕಪ್ಪು, ಡಿಮಾರ್ಜಿಯೊದಲ್ಲಿ ಕೆಂಪು.

ಒಂದು ಪೈಸೆ ಖರ್ಚಿಲ್ಲದೆ ನಾದ ಸುಧಾರಿಸುವ ಜಾಗ ಪಿಕಪ್ಪಿನ ಅಕ್ಕಪಕ್ಕದ ಎರಡು ಸ್ಕ್ರೂ. ಜೋರು ಸದ್ದು ಬರಲೆಂದು ಹಿಂದಿನ ಮಾಲೀಕರು ಪಿಕಪ್ಪನ್ನು ತಂತಿಗೆ ತಾಗುವಷ್ಟು ಎತ್ತಿರುತ್ತಾರೆ. ಆಗ ಮ್ಯಾಗ್ನೆಟ್ ತಂತಿಯನ್ನೇ ಎಳೆದು, ಆರನೆಯ ತಂತಿಯನ್ನು ಹನ್ನೆರಡನೆಯ ಫ್ರೆಟ್ (ಕುತ್ತಿಗೆಯ ಮೇಲಿನ ಲೋಹದ ಪಟ್ಟಿ) ಮೇಲೆ ಒತ್ತಿದರೆ ಎರಡು ಸ್ವರ ಜಗಳವಾಡಿದ ಹಾಗೆ ಅಲೆಯುತ್ತದೆ. ಎಷ್ಟು ಶ್ರುತಿ ಮಾಡಿದರೂ ನಿಲ್ಲದು. ಕೊನೆಯ ಫ್ರೆಟ್ಟಿನಲ್ಲಿ ತಂತಿ ಒತ್ತಿ ಹಿಡಿದು ಸ್ಟೀಲ್ ಸ್ಕೇಲ್ ಇಟ್ಟು ಅಳೆಯಿರಿ. ಸಿಂಗಲ್ ಕಾಯಿಲ್‌ಗೆ ದಪ್ಪ ತಂತಿಯ ಕಡೆ ಸುಮಾರು ಎರಡೂವರೆ ಮಿಲಿಮೀಟರ್, ತೆಳು ತಂತಿಯ ಕಡೆ ಎರಡು. ಅಲ್ಲಿಂದ ಕಾಲು ತಿರುವು, ಕಾಲು ತಿರುವು ಮೇಲೆ ಕೆಳಗೆ ಮಾಡಿ ಕೇಳುತ್ತಾ ಹೋಗಿ. ನನ್ನ ಪೆಸಿಫಿಕಾದ ಕುತ್ತಿಗೆ ಪಿಕಪ್ಪನ್ನು ಇಳಿಸಿದ ಮೇಲೆ ಮಂದ್ರದ ಕೆಸರು ಹೋಗಿ ಒಂದೊಂದು ಸ್ವರ ಬಿಡಿಬಿಡಿಯಾಗಿ ಕೇಳತೊಡಗಿತು. ಜೆಬಿ ತಂದ ಬದಲಾವಣೆಗಿಂತ ಇದೇ ದೊಡ್ಡದು.

ಚೌಕಾಸಿಗೆ ಕೂರುವ ಮುಂಚೆ ಇಷ್ಟು ನೋಡಿ. ಪಾಟ್ ಕರಕರ ಎಂದರೆ, ಜಾಕ್ ಸಡಿಲವಿದ್ದರೆ ಹೆದರಬೇಡಿ, ಕಾಂಟ್ಯಾಕ್ಟ್ ಕ್ಲೀನರಿನಲ್ಲೋ ಸೋಲ್ಡರಿಂಗಿನಲ್ಲೋ ಸರಿಹೋಗುತ್ತದೆ. ಅದನ್ನು ತೋರಿಸಿ ಸಾವಿರ ರೂಪಾಯಿ ಇಳಿಸಿ. ಕರಾವಳಿಯಿಂದ ಬಂದ ಗಿಟಾರ್ ಆದರೆ ಬ್ರಿಡ್ಜಿನ ಸಣ್ಣ ಸ್ಕ್ರೂಗಳು ತುಕ್ಕು ಹಿಡಿದು ತಿರುಗದೆ ಕೂತಿವೆಯೇ ಪರೀಕ್ಷಿಸಿ. ಮೊದಲ ಫ್ರೆಟ್ ಮತ್ತು ಕೊನೆಯ ಫ್ರೆಟ್ ಎರಡನ್ನೂ ಒತ್ತಿ ಹಿಡಿದಾಗ ಏಳು-ಎಂಟನೆಯ ಫ್ರೆಟ್ ಮೇಲೆ ತಂತಿಗೂ ಫ್ರೆಟ್ಟಿಗೂ ನಡುವೆ ವಿಸಿಟಿಂಗ್ ಕಾರ್ಡಿನಷ್ಟು ಸಂದು ಇರಬೇಕು. ಹೆಚ್ಚಿದ್ದರೆ ಕುತ್ತಿಗೆಯ ಬಾಗು ಸರಿಪಡಿಸುವ ಟ್ರಸ್ ರಾಡ್ ಇನ್ನೂ ತಿರುಗುತ್ತದೆಯೇ ಎಂದು ಅವರ ಕೈಯಲ್ಲೇ ತಿರುಗಿಸಿ ತೋರಿಸಲು ಹೇಳಿ. ತೆಳು ತಂತಿಗಳ ಕೆಳಗೆ ಮೊದಲ ಮೂರು ಫ್ರೆಟ್‌ಗಳಲ್ಲಿ ಉಗುರಿಗೆ ಸಿಗುವಷ್ಟು ಹಳ್ಳ ಬಿದ್ದಿದ್ದರೆ ಮಾತ್ರ ಹಿಂದೆ ಸರಿಯಿರಿ, ಒಳಗೆ ಎಷ್ಟೇ ದೊಡ್ಡ ಹೆಸರಿನ ಪಿಕಪ್ ಇರಲಿ. ಪೂರ್ತಿ ಫ್ರೆಟ್ ಬದಲಿಸಲು ನನಗೆ ಹೇಳಿದ ಕೂಲಿಯಲ್ಲಿ ಸೆಕೆಂಡ್ ಹ್ಯಾಂಡ್ ಪ್ರೊಸೆಸರೇ ಬರುತ್ತಿತ್ತು.