ಮೂರು ಮಡಚುವ ಚಾಕುಗಳು: ದುಬಾರಿಯದರ ದುಡ್ಡು ಹೋಗುವುದೆಲ್ಲಿಗೆ?

ಡಬ್ಬಿಯಿಂದ ತೆಗೆದ ದಿನ ಎಲ್ಲ ಚಾಕುಗಳೂ ಒಳ್ಳೆಯವೇ. ಕಾಗದ ಸರ್ರನೆ ಸೀಳುತ್ತದೆ, ಅಲಗು ಟಕ್ ಅಂತ ತೆರೆದುಕೊಳ್ಳುತ್ತದೆ. ಜೇಬಿನ ನಾರು, ಬೆವರು, ಟೇಪಿನ ಅಂಟು ಎಲ್ಲ ಒಳಗೆ ಸೇರಿಕೊಂಡ ಮೇಲೆ ಒಂದೊಂದರ ಬಂಡವಾಳ ಬಯಲಾಗುತ್ತದೆ. ಹಾಗಾಗಿ ಮೂರು ಮಡಚುವ ಚಾಕುಗಳನ್ನು ಸರದಿಯ ಮೇಲೆ ತಿಂಗಳುಗಟ್ಟಲೆ ಜೇಬಿನಲ್ಲಿಟ್ಟುಕೊಂಡು ಒಂದೇ ತರದ ಕೆಲಸಗಳಿಗೆ ಬಳಸಿದೆ: ಪಾರ್ಸೆಲ್ ಬಿಚ್ಚುವುದು, ರಟ್ಟಿನ ಪೆಟ್ಟಿಗೆ ತುಂಡರಿಸುವುದು, ಹಗ್ಗ, ಕೇಬಲ್ ಟೈ, ಪೆನ್ಸಿಲ್, ಆಗೊಮ್ಮೆ ಈಗೊಮ್ಮೆ ಸೇಬು.

ಮೊದಲನೆಯದು ದುಬಾರಿ ಚಾಕು. ಟೈಟೇನಿಯಂ ಹಿಡಿ, ತೆರೆದ ಅಲಗು ತಾನಾಗಿ ಮಡಚಿಕೊಳ್ಳದಂತೆ ತಡೆಯಲು ಫ್ರೇಮ್ ಲಾಕ್, ಎಸ್30ವಿ ಉಕ್ಕಿನ ಅಲಗು, ಬೆನ್ನಿನ ಕಡೆ ಮೂರೂವರೆ ಮಿ.ಮೀ. ದಪ್ಪ, ತೂಕ 135 ಗ್ರಾಂ ಆಸುಪಾಸು. ಎರಡನೆಯದರ ಬೆಲೆ ಅದರ ಅರ್ಧಕ್ಕೂ ಕಡಿಮೆ. ಉಕ್ಕು ಅದೇ ಎಸ್30ವಿ. ಆದರೆ ಹಿಡಿ ಪ್ಲಾಸ್ಟಿಕ್‌ನದು, ಅಲಗು 2.3 ಮಿ.ಮೀ., ತೂಕ 55 ಗ್ರಾಂ ಮಾತ್ರ, ಲಾಕ್ ಅಡ್ಡಕಡ್ಡಿಯದು. ಮೂರನೆಯದು ತೀರಾ ಅಗ್ಗ: ಬೀಚ್ ಮರದ ಹಿಡಿ, ಕುತ್ತಿಗೆಯಲ್ಲಿ ತಿರುಗುವ ಉಂಗುರ, 12ಸಿ27 ಸ್ಟೇನ್‌ಲೆಸ್ ಉಕ್ಕು, ಎರಡು ಮಿ.ಮೀ.ಗೂ ತೆಳುವಾದ ಅಲಗು. ಯಾವುದರ ಕಂಪನಿ ಹೆಸರೂ ಹೇಳುವುದಿಲ್ಲ. ಒಂದೇ ಮಾದರಿಯ ಎರಡು ಚಾಕುಗಳೇ ಒಂದರ ಹಾಗೆ ಒಂದು ಇರುವುದಿಲ್ಲ, ನನ್ನ ಕೈಗೆ ಸಿಕ್ಕಿದ್ದನ್ನಿಟ್ಟುಕೊಂಡು ಕಂಪನಿಗೆ ಅಂಕ ಕೊಡುವುದು ಸರಿಯಲ್ಲ.

ಕತ್ತರಿಸುವುದರಲ್ಲಿ ಮೊದಲ ದಿನವೇ ಗೆದ್ದದ್ದು ಅಗ್ಗದ್ದು, ಅದೂ ಸಲೀಸಾಗಿ. ಸೇಬಿನ ಮೇಲೆ ಮರದ ಹಿಡಿಯ ಚಾಕು ಇಟ್ಟು ಮೆಲ್ಲಗೆ ಒತ್ತಿದರೆ ಸದ್ದಿಲ್ಲದೆ ಇಳಿಯುತ್ತದೆ. ದುಬಾರಿಯದು ಅರ್ಧ ದಾರಿಯವರೆಗೆ ಇಳಿದು, ಆಮೇಲೆ ಅಲಗಿನ ದಪ್ಪ ಭಾಗ ಒಳಹೊಕ್ಕ ಕೂಡಲೇ ಹಣ್ಣು ಕಟಕ್ಕನೆ ಎರಡು ಹೋಳಾಗಿ ಸಿಡಿಯುತ್ತದೆ. ಅದು ಕೊಯ್ದದ್ದಲ್ಲ, ಬೆಣೆ ಹೊಡೆದು ಸೀಳಿದ್ದು. ಅಂಚು ಎಷ್ಟೇ ಹರಿತವಾಗಿರಲಿ, ಅದರ ಹಿಂದಿನ ದಪ್ಪ ಕಡಿಮೆ ಇಲ್ಲದಿದ್ದರೆ ಚಾಕು ಆಳಕ್ಕೆ ಇಳಿಯುವುದಿಲ್ಲ. ದಪ್ಪ ರಟ್ಟಿನಲ್ಲೂ ಇದೇ ಕಥೆ. ಉಕ್ಕು ಒಂದೇ ಆದರೂ ಎರಡನೆಯ ಚಾಕು ಮೊದಲನೆಯದಕ್ಕಿಂತ ಕಡಿಮೆ ಬಲದಲ್ಲಿ ಓಡಿತು.

ಆದರೆ ರಟ್ಟು ಕೊಯ್ಯುತ್ತಾ ಹೋದ ಹಾಗೆ ಲೆಕ್ಕ ಬದಲಾಗುತ್ತದೆ. ನೋಡಲು ಮೆದುವಾದ ರಟ್ಟಿನಲ್ಲಿ ಮಣ್ಣಿನ ಕಣ, ಖನಿಜದ ಪುಡಿ ಬೆರೆತಿರುತ್ತವೆ. ಅಂಚನ್ನು ಅವು ಸತತವಾಗಿ ತೇಯುತ್ತವೆ. ಒಂದು ರಾಶಿ ಪೆಟ್ಟಿಗೆ ಮುಗಿಸಿ ಅಲಗನ್ನು ದೀಪಕ್ಕೆ ನೇರ ಹಿಡಿದು ನೋಡಿದರೆ 12ಸಿ27 ಅಂಚಿನಲ್ಲಿ ಅಲ್ಲಲ್ಲಿ ಬಿಳಿ ಗೆರೆ ಮಿಂಚುತ್ತಿತ್ತು. ಹರಿತವಾದ ಅಂಚು ಬೆಳಕನ್ನು ಮರಳಿಸುವುದಿಲ್ಲ, ಮಿಂಚುವ ಕಡೆ ಮೊಂಡಾಗಿದೆ ಅಂತಲೇ ಅರ್ಥ. ಎಸ್30ವಿಯ ಎರಡೂ ಚಾಕುಗಳಲ್ಲಿ ಆಗ ಅಂಥ ಗೆರೆ ಇರಲಿಲ್ಲ.

ಈ ವ್ಯತ್ಯಾಸದ ಮೂಲ ಉಕ್ಕಿನ ಒಳಗಿದೆ. ಅಮೆರಿಕದ ಕ್ರೂಸಿಬಲ್ ಕಂಪನಿ 2001ರಲ್ಲಿ ಚಾಕುಗಳಿಗೆಂದೇ ರೂಪಿಸಿದ ಎಸ್30ವಿಯಲ್ಲಿ ಸುಮಾರು 1.45% ಇಂಗಾಲ, 14% ಕ್ರೋಮಿಯಂ, 4% ವನೇಡಿಯಂ ಇದೆ. ಕರಗಿದ ಲೋಹವನ್ನು ಮೊದಲು ಪುಡಿ ಮಾಡಿ ಆಮೇಲೆ ಒತ್ತಿ ಗಟ್ಟಿ ಮಾಡುವುದರಿಂದ ವನೇಡಿಯಂ ಕಾರ್ಬೈಡಿನ (ವನೇಡಿಯಂ, ಇಂಗಾಲ ಕೂಡಿದ ಗಟ್ಟಿ ವಸ್ತು) ಕಣಗಳು ಸಣ್ಣದಾಗಿ, ಸಮನಾಗಿ ಹರಡಿಕೊಂಡಿರುತ್ತವೆ. ತೇಯ್ತಕ್ಕೆ ಎದೆಯೊಡ್ಡುವುದು ಅವೇ. 12ಸಿ27ರಲ್ಲಿ ಇಂಗಾಲ 0.6% ಮಾತ್ರ, ವನೇಡಿಯಂ ಆಸರೆ ಇಲ್ಲ.

ಇದರ ಇನ್ನೊಂದು ಮುಖ ಸಾಣೆಕಲ್ಲಿನ ಮುಂದೆ ಕೂತಾಗ ಕಾಣುತ್ತದೆ. 12ಸಿ27 ಯಾವ ಕಲ್ಲಾದರೂ ಸರಿ ಅನ್ನುತ್ತದೆ. ಪಿಂಗಾಣಿ ಬಟ್ಟಲಿನ ತಳದ ಒರಟು ಬಳೆಯ ಮೇಲೆ ಹತ್ತಾರು ಸಲ ಎಳೆದರೂ ಮತ್ತೆ ಕಾಗದ ಕೊಯ್ಯುತ್ತದೆ. ವನೇಡಿಯಂ ಕಾರ್ಬೈಡ್ ಮಾತ್ರ ಮಾಮೂಲಿ ಸಾಣೆಯ ಅಲ್ಯುಮಿನಿಯಂ ಆಕ್ಸೈಡಿಗಿಂತ ಗಟ್ಟಿ. ಅಂಥ ಕಲ್ಲಿನ ಮೇಲೆ ಎಸ್30ವಿ ಉಜ್ಜುತ್ತಾ ಕೂತರೆ ಕೈ ಸೋಲುತ್ತದೆ, ಅಂಚಿನಾಚೆ ಮಡಚಿಕೊಳ್ಳುವ ತೆಳು ಲೋಹದ ಎಳೆಯಂತೂ ಈ ಕಡೆಯಿಂದ ಆ ಕಡೆಗೆ ವಾಲುತ್ತದೆಯೇ ಹೊರತು ಕಳಚಿ ಬೀಳುವುದಿಲ್ಲ. ವಜ್ರದ ಪುಡಿ ಕೂರಿಸಿದ ಡೈಮಂಡ್ ಪ್ಲೇಟ್ ತಂದ ಮೇಲೆಯೇ ಈ ಕೆಲಸ ಹಿಡಿತಕ್ಕೆ ಬಂದದ್ದು. ಚಾಕು ಕೊಳ್ಳುವಾಗ ಈ ಖರ್ಚನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಪೆಟ್ಟಿಗೆಯ ಸ್ಟೇಪಲ್ ಪಿನ್‌ಗೆ ತಗುಲಿದಾಗಲೂ ಎರಡು ಉಕ್ಕುಗಳ ಸ್ವಭಾವ ಬೇರೆಬೇರೆ: ಎಸ್30ವಿ ಅಂಚಿನಿಂದ ಸಾಸಿವೆಗಿಂತ ಸಣ್ಣ ಚೂರು ಹಾರಿಹೋಯಿತು, 12ಸಿ27 ಬರೀ ಮಡಚಿಕೊಂಡಿತು. ಮಡಚಿದ್ದನ್ನು ಸರಿಮಾಡಲು ನಿಮಿಷ ಸಾಕು. ಹಾರಿದ ಜಾಗ ಸಮವಾಗಬೇಕಾದರೆ ಇಡೀ ಅಂಚನ್ನೇ ಸವೆಸಬೇಕು.

ಹಾಗಾದರೆ ದುಬಾರಿ ಚಾಕುವಿನ ದುಡ್ಡು ಹೋದದ್ದೆಲ್ಲಿಗೆ? ಅಲಗಿಗಲ್ಲ, ಅಲಗು ತಿರುಗುವ ಪಿವಟ್‌ಗೆ. ಅದರ ಸ್ಕ್ರೂ ಸುತ್ತ ಅಳತೆಗೆ ಸರಿಯಾಗಿ ಕಡೆದ ಬುಷ್, ಅಂದರೆ ಲೋಹದ ಪುಟ್ಟ ಕೊಳವೆ ಇದೆ, ಎರಡೂ ಬದಿಗೆ ಅಗಲವಾದ ಫಾಸ್ಫರ್ ಬ್ರಾಂಜ್ ವಾಷರ್ ಇವೆ. ಸ್ಕ್ರೂವನ್ನು ಕೊನೆಯವರೆಗೆ ಬಿಗಿ ಮಾಡಿದರೆ ಮುಗಿಯಿತು: ಅಲುಗಾಟವೂ ಇಲ್ಲ, ಬಿಗಿತವೂ ಇಲ್ಲ. ಬಿಚ್ಚಿ, ನಾರು ಒರೆಸಿ, ಒಂದು ತೊಟ್ಟು ಎಣ್ಣೆ ಬಿಟ್ಟು ಮತ್ತೆ ಜೋಡಿಸಿದರೂ ಅಲಗು ಕೂದಲೆಳೆಯಷ್ಟೂ ಆಚೀಚೆ ಸರಿಯದೆ ಹಿಡಿಯ ನಟ್ಟನಡುವೆ ಕೂರುತ್ತದೆ. ಎರಡನೆಯದರಲ್ಲಿ ಬುಷ್ ಇಲ್ಲ. ಬಿಗಿ ಮಾಡಿದರೆ ಅಲಗು ಹಿಡಿಯುತ್ತದೆ, ಸಡಿಲಿಸಿದರೆ ಅಲ್ಲಾಡುತ್ತದೆ, ನಡುವಿನ ಸರಿಯಾದ ಜಾಗ ಸಿಗಬೇಕಾದರೆ ತಾಳ್ಮೆ ಬೇಕು. ಸಿಕ್ಕಿದ್ದು ಉಳಿಯಬೇಕಾದರೆ ಸ್ಕ್ರೂಗೆ ಥ್ರೆಡ್‌ಲಾಕರ್ ಎಂಬ ಅಂಟು ಹಾಕಬೇಕು. ಮರದ ಹಿಡಿಗೆ ಈ ತಲೆನೋವೇ ಇಲ್ಲ, ಏಕೆಂದರೆ ಅದನ್ನು ಬಿಚ್ಚುವ ಹಾಗೇ ಇಲ್ಲ! ತೇವ ಕುಡಿದರೆ ಮರ ಉಬ್ಬುತ್ತದೆ, ಅಲಗು ಒಳಗೇ ಸಿಕ್ಕಿಕೊಳ್ಳುತ್ತದೆ. ಒಣಗಿದ ಮೇಲೆ ತಾನಾಗಿ ಸರಿಹೋಗುತ್ತದೆ.

ಲಾಕ್‌ಗಳ ವಿಷಯದಲ್ಲಿ ನನ್ನ ಒಲವು ದುಬಾರಿಯದರ ಕಡೆಗಿಲ್ಲ. ಚಾಕು ತಯಾರಕ ಕ್ರಿಸ್ ರೀವ್ ತಮ್ಮ ಸೆಬೆಂಜಾ ಚಾಕುವಿನಿಂದ ಜನಪ್ರಿಯಗೊಳಿಸಿದ ಫ್ರೇಮ್ ಲಾಕ್‌ನಲ್ಲಿ ಹಿಡಿಯ ಒಂದು ಬದಿಯ ಪಟ್ಟಿಯೇ ಸ್ಪ್ರಿಂಗ್‌ನಂತೆ ಒಳಬಾಗಿ ಅಲಗಿನ ಬುಡಕ್ಕೆ ಅಡ್ಡ ಬರುತ್ತದೆ. ಗಟ್ಟಿಯಾಗಿ ಹಿಡಿದಷ್ಟೂ ಲಾಕ್ ಬಿಗಿಯಾಗುತ್ತದೆ, ಅದು ದೊಡ್ಡ ಗುಣ. ಆದರೆ ಮುಚ್ಚುವಾಗ ಹೆಬ್ಬೆರಳು ಅಲಗಿನ ದಾರಿಯಲ್ಲೇ ಇರುತ್ತದೆ, ಎಡಗೈಯವರಿಗಂತೂ ಇದು ಉಲ್ಟಾ. ಅಮೆರಿಕದ ಚಾಕು ಕಂಪನಿ ಬೆಂಚ್‌ಮೇಡ್ 1998ರಲ್ಲಿ ಆಕ್ಸಿಸ್ ಎಂಬ ಹೆಸರಿನಲ್ಲಿ ತಂದ ಅಡ್ಡಕಡ್ಡಿಯ ಲಾಕ್‌ನಲ್ಲಿ ಕಡ್ಡಿಯನ್ನು ಹಿಂದಕ್ಕೆಳೆದರೆ ಸಾಕು, ಬೆರಳು ಅಲಗಿನ ದಾರಿಗೆ ಬರುವುದೇ ಇಲ್ಲ, ಎಡಗೈ ಬಲಗೈ ಎಂಬ ಭೇದವೂ ಇಲ್ಲ. ಕಡ್ಡಿಯನ್ನು ತಳ್ಳುವ ತಂತಿ ಸ್ಪ್ರಿಂಗ್‌ಗಳು ಕೂದಲಿನಂತೆ ಸಪೂರ, ಮುರಿಯುವುದುಂಟು. ಎರಡಿರುವುದರಿಂದ ಒಂದು ಹೋದರೂ ಇನ್ನೊಂದು ತಾಳಿಕೊಳ್ಳುತ್ತದೆ. ಫ್ರಾನ್ಸಿನ ಚಾಕು ಕಂಪನಿ ಓಪಿನೆಲ್ 1955ರಿಂದ ಬಳಸುತ್ತಿರುವ ಉಂಗುರದ ಲಾಕ್‌ನಲ್ಲಿ ಸ್ಪ್ರಿಂಗೇ ಇಲ್ಲ, ಕೆಡುವುದಕ್ಕೆ ಏನೂ ಇಲ್ಲ. ಎರಡೂ ಕೈ ಬೇಕು, ತಿರುಗಿಸಲು ಮರೆಯಬಾರದು, ಅಷ್ಟೇ.

ತೂಕದ ಬಗ್ಗೆ ಹೆಚ್ಚು ಹೇಳುವುದಿಲ್ಲ. ತೆಳು ಬಟ್ಟೆಯ ಪ್ಯಾಂಟಿನಲ್ಲಿ 135 ಗ್ರಾಂ ಜೇಬನ್ನು ಜಗ್ಗುತ್ತದೆ, ಕೂತಾಗ ತೊಡೆಗೆ ಒತ್ತುತ್ತದೆ. 55 ಗ್ರಾಂ ಇರುವುದೇ ಗೊತ್ತಾಗುವುದಿಲ್ಲ.

ದಿನಾ ಬೆಳಗ್ಗೆ ನನ್ನ ಕೈ ಹೋಗುವುದು ಎರಡನೆಯದಕ್ಕೆ. ಉಕ್ಕು ಅದೇ, ಅಲಗು ತೆಳು, ಬೆರಳಿಗೆ ಅಪಾಯ ಕಡಿಮೆ. ಪಿವಟ್ ಸ್ಕ್ರೂ ಜೊತೆಗಿನ ಜಗಳ ಆಗಾಗ ಇದ್ದೇ ಇರುತ್ತದೆ. ಯಂತ್ರದ ನಯಗಾರಿಕೆ ಕಂಡರೆ ಖುಷಿಪಡುವವರಿಗೆ, ವರ್ಷಗಟ್ಟಲೆ ಬಿಚ್ಚಿ ಜೋಡಿಸಿ ಇಟ್ಟುಕೊಳ್ಳುವವರಿಗೆ ಮೊದಲನೆಯದು ತಕ್ಕದ್ದು. ಚೆನ್ನಾಗಿ ಕೊಯ್ಯುತ್ತದೆ ಎಂಬ ಆಸೆಯಿಂದ ಮಾತ್ರ ಅದಕ್ಕೆ ದುಡ್ಡು ಸುರಿಯಬೇಡಿ. ಬರೀ ಟೇಪು, ಹಣ್ಣು, ದಾರ ಅನ್ನುವವರು ಮರದ ಹಿಡಿಯದನ್ನೇ ಕೊಂಡು, ಅದು ಒದ್ದೆಯಾಗದಂತೆ ನೋಡಿಕೊಂಡರೆ ಉಳಿದೆರಡರ ಕಡೆ ತಿರುಗಿ ನೋಡಬೇಕಾಗಿಲ್ಲ.