ಅಂಚೆ ಮತಪತ್ರ ಸೇವೆ: ಮನೆ ಬಾಗಿಲವರೆಗೆ ಸಲೀಸು, ಲಕೋಟೆಯೊಳಗೆ ತೊಡಕು

2023ರ ಮೇ 13ರಂದು ಬೆಂಗಳೂರಿನ ಜಯನಗರ ಕ್ಷೇತ್ರದ ಎಣಿಕೆ ತಡರಾತ್ರಿಯವರೆಗೂ ಎಳೆಯಿತು. ಮತಯಂತ್ರಗಳ ಲೆಕ್ಕ ಮುಗಿದು ಹೊತ್ತಾಗಿತ್ತು. ಜಗಳವೆಲ್ಲ ತಿರಸ್ಕೃತ ಅಂಚೆ ಮತಗಳ ಸುತ್ತ. ಅವುಗಳನ್ನು ಮತ್ತೆ ಬಿಡಿಸಿ ನೋಡಿದ ಮೇಲೆ ಬಿಜೆಪಿಯ ಸಿ.ಕೆ. ರಾಮಮೂರ್ತಿ ಕಾಂಗ್ರೆಸ್ಸಿನ ಸೌಮ್ಯಾ ರೆಡ್ಡಿಯವರಿಗಿಂತ 16 ಮತ ಮುಂದಿದ್ದರು. ಅಂಚೆ ಮತ ಎಂದರೆ ಎಣಿಕೆಗೆ ಮುಂಚಿನ ಶಾಸ್ತ್ರ ಎಂದುಕೊಂಡಿದ್ದವರಿಗೆ ಅದು ಪಾಠ. ಹಾಗಾಗಿ ಈ ಸೇವೆ ಎಲ್ಲಿ ಚೆನ್ನಾಗಿದೆ, ಎಲ್ಲಿ ಕೈಕೊಡುತ್ತದೆ ಎಂದು ಒಂದೊಂದೇ ಹಂತ ಹಿಡಿದು ನೋಡುವುದು ಒಳ್ಳೆಯದು.

ಮೊದಲು ಅಂಚೆ ಮತಪತ್ರದ ಮೂಲಕ ಮನೆಯಿಂದ ಮತದಾನ. 85 ವರ್ಷ ಮೀರಿದವರು ಮತ್ತು ಶೇ 40 ಅಥವಾ ಅದಕ್ಕೂ ಹೆಚ್ಚು ಅಂಗವೈಕಲ್ಯದ ಪ್ರಮಾಣಪತ್ರ ಇರುವವರು ನಮೂನೆ 12ಡಿ ತುಂಬಿ ಈ ಸೌಲಭ್ಯ ಕೇಳಬಹುದು. ವಯಸ್ಸಿನ ಮಿತಿ ಮೊದಲು 80 ಇತ್ತು, 2024ರ ಮಾರ್ಚ್‌ನಲ್ಲಿ ಅದನ್ನು 85ಕ್ಕೆ ಏರಿಸಿದರು. ಹೀಗಾಗಿ 2023ರ ವಿಧಾನಸಭಾ ಚುನಾವಣೆಯಲ್ಲಿ ಮನೆಯಲ್ಲೇ ಕೂತು ಮತ ಹಾಕಿದ 82ರ ಅಜ್ಜಿ, ಮರುವರ್ಷ ಲೋಕಸಭೆಗೆ ಮತಗಟ್ಟೆಯ ಮೆಟ್ಟಿಲು ಹತ್ತಬೇಕಾಯಿತು. ಮತದಾರರ ಪಟ್ಟಿಯಲ್ಲಿ ಬರೆದಿರುವ ವಯಸ್ಸೇ ಇಲ್ಲಿ ಲೆಕ್ಕ. ಪಟ್ಟಿಯಲ್ಲಿ ವಯಸ್ಸು ತಪ್ಪಾಗಿದ್ದರೆ ಚುನಾವಣೆ ಬರುವ ಮೊದಲೇ ತಿದ್ದಿಸಿಕೊಳ್ಳಬೇಕು.

ಹೆಚ್ಚಿನವರು ಎಡವುವುದು ದಿನಾಂಕದಲ್ಲಿ. ಚುನಾವಣೆ ಘೋಷಣೆಯಾದ ದಿನ ಬೇರೆ, ಅಧಿಸೂಚನೆ ಹೊರಟ ದಿನ ಬೇರೆ. 2023ರಲ್ಲಿ ಘೋಷಣೆ ಮಾರ್ಚ್ 29ಕ್ಕೆ, ಅಧಿಸೂಚನೆ ಏಪ್ರಿಲ್ 13ಕ್ಕೆ, ಮತದಾನ ಮೇ 10ಕ್ಕೆ. 12ಡಿ ಅರ್ಜಿ ಚುನಾವಣಾಧಿಕಾರಿಯ ಕೈ ಸೇರಬೇಕಾದದ್ದು ಅಧಿಸೂಚನೆಯ ನಂತರದ ಐದು ದಿನಗಳೊಳಗೆ. ಮತದಾನಕ್ಕೆ ಇನ್ನೂ ಮೂರು ವಾರ ಇದೆಯಲ್ಲ ಎಂದು ಕೂತವರಿಗೆ ಬಾಗಿಲು ಮುಚ್ಚಿರುತ್ತದೆ. ಮತಗಟ್ಟೆ ಮಟ್ಟದ ಅಧಿಕಾರಿ (ಬಿಎಲ್‌ಒ) ಮನೆಗೇ ಬಂದು ನಮೂನೆ ಕೊಟ್ಟು, ತುಂಬಿದ್ದನ್ನು ವಾಪಸ್ ಒಯ್ಯುವ ವ್ಯವಸ್ಥೆ ಇದೆ. ಸೇವೆಯ ಅತ್ಯುತ್ತಮ ಭಾಗ ಇದೇ. ಅವರು ಬರದಿದ್ದರೆ ಕಾಯುತ್ತ ಕೂರಬೇಡಿ, ನೀವೇ ವಿಚಾರಿಸಿ.

ಇನ್ನೊಂದು ಮಾತು ಮನೆಯವರೆಲ್ಲರಿಗೂ ಗೊತ್ತಿರಬೇಕು. ಅರ್ಜಿ ಮಂಜೂರಾದರೆ ಮತದಾರರ ಪಟ್ಟಿಯಲ್ಲಿ ಹೆಸರಿನ ಮುಂದೆ ‘ಪಿಬಿ’ (ಪೋಸ್ಟಲ್ ಬ್ಯಾಲಟ್, ಅಂದರೆ ಅಂಚೆ ಮತಪತ್ರ) ಎಂದು ಗುರುತು ಬೀಳುತ್ತದೆ. ಆಮೇಲೆ ಮನಸ್ಸು ಬದಲಾಯಿಸಿ ಮತಗಟ್ಟೆಗೆ ಹೋದರೆ ಅಲ್ಲಿ ಮತ ಹಾಕಲು ಬಿಡುವುದಿಲ್ಲ. ಮತಗಟ್ಟೆ ತಂಡ ಮೊದಲೇ ದಿನ ತಿಳಿಸಿ ಮನೆಗೆ ಬರುತ್ತದೆ: ಇಬ್ಬರು ಸಿಬ್ಬಂದಿ, ವಿಡಿಯೊ ತೆಗೆಯುವವರು, ಪೊಲೀಸರು. ಮತದಾರರು ಸಿಗದಿದ್ದರೆ ಇನ್ನೊಂದು ಸಲ ಬರುತ್ತಾರೆ. ಆಗಲೂ ಇಲ್ಲವೆಂದರೆ ಆ ಮತ ಹೋದಂತೆಯೇ. ಆಸ್ಪತ್ರೆಗೆ ಸೇರುವ ಸಂಭವ ಇರುವ ಹಿರಿಯರ ವಿಷಯದಲ್ಲಿ ಇದನ್ನು ಮೊದಲೇ ಯೋಚಿಸಿ ಅರ್ಜಿ ಹಾಕಿ.

ಈಗ ಲಕೋಟೆಗಳ ವಿಷಯ. ಇಡೀ ಸೇವೆಯಲ್ಲಿ ಬಡಕಲು ಭಾಗ ಇದು. ಮತದಾರರ ಕೈಗೆ ನಾಲ್ಕು ವಸ್ತು ಬರುತ್ತವೆ: ಮತಪತ್ರ, 13ಎ ಎಂಬ ಘೋಷಣಾ ಪತ್ರ, ‘ಎ’ ಎಂಬ ಚಿಕ್ಕ ಲಕೋಟೆ (ನಮೂನೆ 13ಬಿ), ‘ಬಿ’ ಎಂಬ ದೊಡ್ಡ ಲಕೋಟೆ (ನಮೂನೆ 13ಸಿ). ಮತಪತ್ರ ಮಾತ್ರ ಚಿಕ್ಕ ಲಕೋಟೆಯೊಳಗೆ. ಅದನ್ನು ಅಂಟಿಸಿ, ಸಹಿ ಮತ್ತು ದೃಢೀಕರಣ ಆಗಿರುವ ಘೋಷಣಾ ಪತ್ರದ ಜೊತೆ ದೊಡ್ಡ ಲಕೋಟೆಯೊಳಗೆ ಇಡಬೇಕು. ಘೋಷಣಾ ಪತ್ರದಲ್ಲಿ ಮತದಾರರ ಹೆಸರಿರುತ್ತದೆ, ಮತಪತ್ರದಲ್ಲಿ ಇರುವುದಿಲ್ಲ. ಎರಡನ್ನೂ ಬೇರೆ ಇಟ್ಟರೆ ಮಾತ್ರ ಗುಟ್ಟು ಉಳಿಯುತ್ತದೆ. ತರ್ಕ ಸೊಗಸಾಗಿದೆ, ಆದರೆ ಕೈತಪ್ಪುವುದು ಸುಲಭ.

ಎಣಿಕೆ ಮೇಜಿನಲ್ಲಿ ಮೊದಲು ತೆರೆಯುವುದು ದೊಡ್ಡ ಲಕೋಟೆ. ಅದರಲ್ಲಿ ಘೋಷಣಾ ಪತ್ರ ಇಲ್ಲವೆಂದರೆ, ಇದ್ದರೂ ಸಹಿ ಇಲ್ಲವೆಂದರೆ, ದೃಢೀಕರಣ ಇಲ್ಲವೆಂದರೆ, ಅಥವಾ ಅದರಲ್ಲಿ ಬರೆದ ಮತಪತ್ರದ ಕ್ರಮಸಂಖ್ಯೆ ಚಿಕ್ಕ ಲಕೋಟೆಯ ಮೇಲಿನ ಸಂಖ್ಯೆಗೆ ತಾಳೆಯಾಗದಿದ್ದರೆ, ಚಿಕ್ಕ ಲಕೋಟೆಯನ್ನು ಬಿಚ್ಚುವುದೇ ಇಲ್ಲ. ಮತ ಯಾರಿಗೆ ಬಿದ್ದಿತ್ತು ಎಂಬುದು ಯಾರಿಗೂ ತಿಳಿಯದೆ ತಿರಸ್ಕಾರ. ಘೋಷಣಾ ಪತ್ರವನ್ನೂ ಮತಪತ್ರದ ಜೊತೆ ಚಿಕ್ಕ ಲಕೋಟೆಗೆ ತುರುಕಿದವರ ಗತಿಯೂ ಇದೇ. ಚಿಕ್ಕ ಲಕೋಟೆ ಬಿಚ್ಚಿದ ಮೇಲೆ ಬರುವ ಕಾರಣಗಳು ಬೇರೆ: ಗುರುತೇ ಇಲ್ಲದಿರುವುದು, ಇಬ್ಬರ ಮುಂದೆ ಗುರುತು, ಮತದಾರ ಯಾರೆಂದು ತಿಳಿಯುವಂಥ ಸಹಿ ಅಥವಾ ಬರಹ. ಗುರುತು ಮಸುಕಾಗಿದೆ ಎಂಬ ಒಂದೇ ಕಾರಣಕ್ಕೆ ತಿರಸ್ಕರಿಸುವಂತಿಲ್ಲ, ಯಾರಿಗೆಂದು ಸ್ಪಷ್ಟವಿದ್ದರೆ ಸಾಕು. ಅಭ್ಯರ್ಥಿಗಳ ಪರ ಕೂರುವ ಎಣಿಕೆ ಏಜೆಂಟರು ವಾದಿಸಬೇಕಾದ ಜಾಗ ಇದು. ಬಹಳ ಮಂದಿ ಆ ಹೊತ್ತಿಗೆ ಮತಯಂತ್ರಗಳ ಮೇಜಿನತ್ತ ಕತ್ತು ಚಾಚಿ ನಿಂತಿರುತ್ತಾರೆ.

ಮನೆ ಮತದಾನದಲ್ಲಿ ತಂಡದ ಅಧಿಕಾರಿಯೇ ದೃಢೀಕರಿಸುವುದರಿಂದ ತಪ್ಪಿಗೆ ಆಸ್ಪದ ಕಡಿಮೆ. ಚುನಾವಣಾ ಕೆಲಸಕ್ಕೆ ಹೋಗುವ ಶಿಕ್ಷಕರು, ನೌಕರರು ಮೊದಲೆಲ್ಲ ಮತಪತ್ರವನ್ನು ಮನೆಗೆ ಒಯ್ದು ದಿನಗಟ್ಟಲೆ ಇಟ್ಟುಕೊಳ್ಳುತ್ತಿದ್ದರು. 2023ರ ತಿದ್ದುಪಡಿಯ ನಂತರ ಅವರು ಸೌಲಭ್ಯ ಕೇಂದ್ರದಲ್ಲೇ ಪಡೆದು, ಗುರುತು ಹಾಕಿ, ಅಲ್ಲೇ ಕೊಟ್ಟು ಬರಬೇಕು. ಸರಿಯಾದ ಬದಲಾವಣೆ. ತಮ್ಮದೇ ಕ್ಷೇತ್ರದಲ್ಲಿ ಕರ್ತವ್ಯಕ್ಕೆ ಬಿದ್ದವರಿಗೆ ಇಡಿಸಿ ಎಂಬ ಪ್ರಮಾಣಪತ್ರ ಸಿಗುತ್ತದೆ, ಕೆಲಸದ ಮತಗಟ್ಟೆಯ ಯಂತ್ರದಲ್ಲೇ ಗುಂಡಿ ಒತ್ತಬಹುದು. ಸಿಗುವಂತಿದ್ದರೆ ಇದನ್ನೇ ಕೇಳಿ, ಲಕೋಟೆಗಳ ಸಹವಾಸವೇ ಇಲ್ಲ. ಸೈನಿಕರಿಗೆ ಮತಪತ್ರ ಹೋಗುವುದು ಇಟಿಪಿಬಿಎಸ್ ಎಂಬ ವಿದ್ಯುನ್ಮಾನ ರವಾನೆ ವ್ಯವಸ್ಥೆಯ ಮೂಲಕ ಕಂಪ್ಯೂಟರಿನಲ್ಲಿ, ವಾಪಸ್ ಬರುವುದು ಮಾತ್ರ ಅಂಚೆಯಲ್ಲಿ. ಎಣಿಕೆ ಶುರುವಾಗುವ ಬೆಳಿಗ್ಗೆ 8 ಗಂಟೆಯೊಳಗೆ ತಲುಪದ ಲಕೋಟೆ ಮುಚ್ಚಿದಂತೆಯೇ ಉಳಿಯುತ್ತದೆ.

ಸೇವೆಯ ದೊಡ್ಡ ಕೊರತೆ ಎಂದರೆ, ಮತ ತಿರಸ್ಕೃತವಾದರೆ ಮತದಾರರಿಗೆ ಯಾರೂ ತಿಳಿಸುವುದಿಲ್ಲ. ಅಮೆರಿಕದ ಹಲವು ರಾಜ್ಯಗಳಲ್ಲಿ ಅಂಚೆ ಮತದ ಸಹಿ ತಪ್ಪಿದ್ದರೆ ಮತದಾರರಿಗೆ ಸುದ್ದಿ ಮುಟ್ಟಿಸಿ ಸರಿಪಡಿಸಲು ಕೆಲವು ದಿನ ಕೊಡುತ್ತಾರೆ. ಇಲ್ಲಿ ಎಣಿಕೆಯ ದಿನದವರೆಗೂ ಲಕೋಟೆ ಬಿಚ್ಚುವುದಿಲ್ಲವಾದ್ದರಿಂದ ತಿದ್ದಿಕೊಳ್ಳುವ ಪ್ರಶ್ನೆಯೇ ಏಳುವುದಿಲ್ಲ.

ಇನ್ನು ಮರು ಎಣಿಕೆ. ಗೆಲುವಿನ ಅಂತರ ಎಣಿಕೆಯಲ್ಲಿ ತಿರಸ್ಕೃತವಾದ ಅಂಚೆ ಮತಗಳ ಸಂಖ್ಯೆಗಿಂತ ಕಡಿಮೆ ಇದ್ದರೆ, ಫಲಿತಾಂಶ ಘೋಷಿಸುವ ಮೊದಲು ಅವನ್ನೆಲ್ಲ ಮತ್ತೆ ಪರಿಶೀಲಿಸಲೇಬೇಕು. ಇದನ್ನು ಯಾರೂ ಅರ್ಜಿ ಹಾಕಿ ಬೇಡಬೇಕಾಗಿಲ್ಲ. ಉಳಿದಂತೆ ಮರು ಎಣಿಕೆ ಕೇಳುವ ಕಿಂಡಿ ಬಲು ಕಿರಿದು. ಕೊನೆಯ ಸುತ್ತು ಮುಗಿದು ಒಟ್ಟು ಮತಗಳನ್ನು ಓದಿ ಹೇಳಿದ ಮೇಲೆ, ಚುನಾವಣಾಧಿಕಾರಿ ಅಂತಿಮ ಫಲಿತಾಂಶ ಪಟ್ಟಿಯಾದ ನಮೂನೆ 20ಕ್ಕೆ ಸಹಿ ಹಾಕುವ ಮುನ್ನ ಅರ್ಜಿ ಕೊಡಬೇಕು. ಬರವಣಿಗೆಯಲ್ಲಿರಬೇಕು, ಕಾರಣ ಇರಬೇಕು. ‘ಅಂತರ ಕಡಿಮೆ ಇದೆ’ ಎನ್ನುವುದು ಕಾರಣವಲ್ಲ; ‘ಇಂಥ ಮತಗಟ್ಟೆಯ 17ಸಿಯಲ್ಲಿರುವ (ಚಲಾವಣೆಯಾದ ಮತಗಳ ಲೆಕ್ಕಪತ್ರ) ಒಟ್ಟು ಸಂಖ್ಯೆ ಯಂತ್ರದ ಸಂಖ್ಯೆಗೆ ತಾಳೆಯಾಗಿಲ್ಲ’ ಎನ್ನುವುದು ಕಾರಣ. ಅಧಿಕಾರಿ ಪೂರ್ತಿ ಒಪ್ಪಬಹುದು, ಭಾಗಶಃ ಒಪ್ಪಬಹುದು, ತಳ್ಳಿಹಾಕಲೂಬಹುದು. ಏನು ಮಾಡಿದರೂ ಕಾರಣ ಬರೆದು ಕೊಡಬೇಕು. ಸಹಿ ಬಿದ್ದ ಮೇಲೆ ಅಲ್ಲಿ ಕೂಗಾಡಿ ಪ್ರಯೋಜನವಿಲ್ಲ.

ಮತಯಂತ್ರದ ಮರು ಎಣಿಕೆಯಿಂದ ಹೆಚ್ಚು ನಿರೀಕ್ಷಿಸಬೇಡಿ. ಕಂಟ್ರೋಲ್ ಯೂನಿಟ್‌ನ ಫಲಿತಾಂಶದ ಗುಂಡಿಯನ್ನು ಎಷ್ಟು ಸಲ ಒತ್ತಿದರೂ ಅದೇ ಅಂಕಿ ಬರುತ್ತದೆ. ಸಿಗುವ ತಪ್ಪೇನಿದ್ದರೂ ಬರೆದುಕೊಳ್ಳುವಾಗ, ಕೂಡುವಾಗ ಆದದ್ದು, ಇಲ್ಲವೇ ಮತದಾನ ಶುರುವಾಗುವ ಮೊದಲು ಯಂತ್ರ ಪರೀಕ್ಷಿಸಲು ನಡೆಸುವ ಅಣಕು ಮತದಾನದ ಮತಗಳನ್ನು ಅಳಿಸದೆ ಬಿಟ್ಟದ್ದು. ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ ಚೀಟಿ ಎತ್ತಿ ಆರಿಸಿದ 5 ಮತಗಟ್ಟೆಗಳ ವಿವಿಪ್ಯಾಟ್ (ಮತ ಯಾರಿಗೆ ಬಿತ್ತೆಂದು ಮುದ್ರಿಸುವ ಯಂತ್ರ) ಚೀಟಿಗಳನ್ನು ಹೇಗೂ ಎಣಿಸುತ್ತಾರೆ; ವ್ಯತ್ಯಾಸ ಬಂದರೆ ಚೀಟಿಯ ಲೆಕ್ಕವೇ ಗಟ್ಟಿ.

ಫಲಿತಾಂಶದ ನಂತರ ಉಳಿಯುವ ದಾರಿ 45 ದಿನದೊಳಗೆ ಹೈಕೋರ್ಟಿಗೆ ಚುನಾವಣಾ ತಕರಾರು ಅರ್ಜಿ. ಬೇಗ ಮುಗಿಯುವ ಸೇವೆ ಇದಲ್ಲ. 2023ರಲ್ಲಿ 248 ಮತಗಳ ಅಂತರದಲ್ಲಿ ತೀರ್ಮಾನವಾದ ಮಾಲೂರು ಕ್ಷೇತ್ರದ ಮರು ಎಣಿಕೆಗೆ ಹೈಕೋರ್ಟ್ ಆದೇಶಿಸಿದ್ದು 2025ರ ಸೆಪ್ಟೆಂಬರ್‌ನಲ್ಲಿ. ಸುಪ್ರೀಂ ಕೋರ್ಟ್ ಎಣಿಕೆಗೆ ಒಪ್ಪಿತಾದರೂ ಫಲಿತಾಂಶವನ್ನು ಮುಚ್ಚಿದ ಲಕೋಟೆಯಲ್ಲಿ ತನಗೆ ಕೊಡಲು ಹೇಳಿತು. ಇಲ್ಲೂ ಲಕೋಟೆ!

ಪಂಚಾಯಿತಿ ಚುನಾವಣೆಗೆ ಇದೆಲ್ಲ ಅನ್ವಯ ಎಂದುಕೊಳ್ಳಬೇಡಿ. ಅದು ರಾಜ್ಯ ಚುನಾವಣಾ ಆಯೋಗದ ಕೈಯಲ್ಲಿದೆ, 12ಡಿ ಅಲ್ಲಿ ನಡೆಯುವುದಿಲ್ಲ. 2020ರ ಡಿಸೆಂಬರ್‌ನಲ್ಲಿ ಗ್ರಾಮ ಪಂಚಾಯಿತಿಗಳಿಗೆ ಬೀದರ್ ಜಿಲ್ಲೆ ಬಿಟ್ಟು ಉಳಿದೆಡೆ ಬಳಸಿದ್ದು ಕಾಗದದ ಮತಪತ್ರವನ್ನೇ. ಅಲ್ಲಿ ಮರು ಎಣಿಕೆಗೆ ನಿಜವಾಗಿ ಅರ್ಥವಿದೆ: ಮಡಚಿದ ಮತಪತ್ರದಲ್ಲಿ ಮೊಹರಿನ ಹಸಿ ಶಾಯಿ ಎದುರಿನ ಚಿಹ್ನೆಗೂ ಅಂಟಿ, ಎರಡು ಮತ ಬಿದ್ದಂತೆ ಕಾಣುತ್ತದೆ. ಮೊಹರಿನ ಗುರುತಿನಲ್ಲಿರುವ ಬಾಣದ ತುದಿಗಳು ಯಾವ ಕಡೆಗೆ ತಿರುಗಿವೆ ನೋಡಿ. ಉಲ್ಟಾ ತಿರುಗಿದ್ದು ಅಂಟಿದ ಗುರುತು, ಸರಿಯಾಗಿರುವುದು ಮತದಾರ ಒತ್ತಿದ್ದು. ಅಂಥ ಮತಪತ್ರವನ್ನು ತಿರಸ್ಕೃತ ಕಟ್ಟಿಗೆ ಸೇರಿಸಲು ಹೊರಟರೆ ಏಜೆಂಟರು ಅಲ್ಲೇ, ಆಗಲೇ ಆಕ್ಷೇಪಿಸಬೇಕು.