ಹಳೇ ಆರಾಮ ಕುರ್ಚಿ, ಚಂಡೀಗಢ ಕುರ್ಚಿ, ಈಮ್ಸ್ ನಕಲು: ಕಲಬುರಗಿ ಮನೆಗೆ ಯಾವುದು?

1950ರ ಕಾಲದ ಡಿಸೈನರ್ ಕುರ್ಚಿ ಬೇಕು ಅನ್ನುವವರು ಈಗ ಕಲಬುರಗಿಯಲ್ಲೂ ಇದ್ದಾರೆ. ದುಡ್ಡು ಕೊಡುವ ಮೊದಲು ಇದನ್ನು ಓದಿ. ನಾನು ಮೂರು ಬಗೆ ಬಳಸಿ ನೋಡಿದ್ದೇನೆ. ನಮ್ಮೂರಿನ ಬ್ರಹ್ಮಪುರ ಬಡಾವಣೆಯ ಹಳೇ ಮನೆಯೊಂದರಿಂದ ಕೊಂಡ ಸಾಗವಾನಿ ಆರಾಮ ಕುರ್ಚಿ ಮತ್ತು ಮುಂಬೈನ ಜೋಗೇಶ್ವರಿಯಿಂದ ತರಿಸಿದ ಚಂಡೀಗಢ ಮಾದರಿಯದು ನನ್ನ ಮನೆಯಲ್ಲಿವೆ. ಈಮ್ಸ್ ನಕಲು ತಮ್ಮನ ಮನೆಯಲ್ಲಿದೆ, ಆನ್‌ಲೈನಿನಲ್ಲಿ ತರಿಸಿದ್ದು.

ಮೊದಲು ಈಮ್ಸ್. ಅಮೆರಿಕದ ಡಿಸೈನರ್ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ ಈ ಒರಗುವ ಕುರ್ಚಿಯನ್ನು 1956ರಲ್ಲಿ ಹೊರತಂದರು. ಅಮೆರಿಕದ ಹರ್ಮನ್ ಮಿಲ್ಲರ್ ಕಂಪನಿ ಇವತ್ತಿಗೂ ಮಾಡುತ್ತದೆ. ಬಗ್ಗಿಸಿದ ಪ್ಲೈವುಡ್, ಅದರ ಮೇಲೆ ಚರ್ಮದ ದಿಂಬು. ತಮ್ಮನದ್ದು 38,000 ರೂಪಾಯಿಯ ನಕಲು, ಚರ್ಮದ ಬದಲು ರೆಕ್ಸಿನ್. ನೋಡೋಕೆ ಚೆಂದ, ಚಳಿಗಾಲದಲ್ಲಿ ಕೂರೋಕೂ ಚೆಂದ. ಆದರೆ ಮೇ ತಿಂಗಳಲ್ಲಿ ಕರೆಂಟ್ ಹೋದಾಗ ಆ ರೆಕ್ಸಿನ್ ಮೇಲೆ ಹತ್ತು ನಿಮಿಷ ಕೂತು ನೋಡಿ, ಬೆನ್ನಿಗೆ ಬನಿಯನ್ ಅಂಟಿಕೊಳ್ಳುತ್ತದೆ. ಎರಡನೇ ಬೇಸಿಗೆಗೇ ತೋಳಿನ ಮೇಲಿನ ಪದರ ಸಿಪ್ಪೆ ಸುಲಿದ ಹಾಗೆ ಎದ್ದಿತು. ಅದಕ್ಕೆ ಹೊಂದುವ ಭಾಗ ಇಲ್ಲಿ ಯಾರ ಹತ್ತಿರವೂ ಸಿಗಲಿಲ್ಲ.

ಇದನ್ನೇ ಯಾರಾದರೂ ಹಳೇ ಒರಿಜಿನಲ್ ಅಂತ ತೋರಿಸಿದರೆ ಮೊದಲು ಬೆನ್ನು ಒರಗಿಸಿ ನೋಡಿ. ಒರಿಜಿನಲ್‌ನಲ್ಲಿ ಬೆನ್ನಿನ ಓರೆ ಒಂದೇ, ಹೆಚ್ಚು ಕಡಿಮೆ ಮಾಡುವ ಲಿವರ್ ಇರುವುದಿಲ್ಲ. ಕುರ್ಚಿಯ ಬುಡಕ್ಕೆ ಐದು ಕಾಲು, ಪಾದ ಇಡುವ ಸ್ಟೂಲಿಗೆ ನಾಲ್ಕು. ಇವೆಲ್ಲ ಸರಿ ಇದ್ದರೂ ಒಳಗಿನ ರಬ್ಬರ್ ಬಿಲ್ಲೆಗಳನ್ನು ಬಿಡಬೇಡಿ. ಮರವನ್ನೂ ಲೋಹವನ್ನೂ ಹಿಡಿದಿಡುವುದು ಅವೇ. ವರ್ಷಗಳಾದ ಮೇಲೆ ರಬ್ಬರ್ ಗಟ್ಟಿಯಾಗಿ ಅಂಟು ಬಿಡುತ್ತದೆ, ಬೆನ್ನಿನ ಭಾಗ ಒಮ್ಮೆಲೇ ಕಿತ್ತು ಬರಬಹುದು, ಬರುವಾಗ ಪ್ಲೈವುಡ್ ಪದರವನ್ನೂ ಹರಿದುಕೊಂಡು ಬರುತ್ತದೆ.

ಚಂಡೀಗಢ ಕುರ್ಚಿಯ ಕಥೆ ಬೇರೆ. ಚಂಡೀಗಢವನ್ನು ರೂಪಿಸಿದ ವಾಸ್ತುಶಿಲ್ಪಿ ಲ ಕಾರ್ಬೂಸಿಯೆಯ ಸೋದರಸಂಬಂಧಿ ಪಿಯರ್ ಜಾನ್ನರೆ ಆ ಹೊಸ ಊರಿನ ಕಚೇರಿ, ಕಾಲೇಜುಗಳಿಗೆ ಅಂತ ಸಾಗವಾನಿ ಮತ್ತು ಬೆತ್ತದಲ್ಲಿ ಮಾಡಿಸಿದ ಕುರ್ಚಿಗಳು ಇವು. ಕಾಲುಗಳು ತಲೆಕೆಳಗಾದ ವಿ ಆಕಾರ. ಆಮೇಲೆ ಕಚೇರಿಯವರೇ ಗುಜರಿಗೆ ಹಾಕಿದರು. ಅಲ್ಲಿಂದ ಹೊರದೇಶಕ್ಕೆ ಹೋಗಿ ಹರಾಜಿನಲ್ಲಿ ಬೆಲೆ ಲಕ್ಷಗಟ್ಟಲೆ ಆಯಿತು. 2011ರಲ್ಲಿ ಕೇಂದ್ರ ಗೃಹ ಸಚಿವಾಲಯ ಇಂಥ ಸಾಮಾನಿನ ಮಾರಾಟ, ರಫ್ತು ತಡೆಯಲು ಆದೇಶ ಕೊಟ್ಟಿತು. ಹಾಗಾಗಿ ಯಾರಾದರೂ ಬೆನ್ನಿನ ಮೇಲೆ ಬಿಳಿ ಬಣ್ಣದ ಕಚೇರಿ ನಂಬರ್ ತೋರಿಸಿ "ಇದು ಹೈಕೋರ್ಟಿಂದು" ಅಂದರೆ ಹರಾಜಿನ ಕಾಗದ ಕೇಳಿ. ನಂಬರ್ ಯಾರು ಬೇಕಾದರೂ ಬರೆಯಬಹುದು ಅಲ್ವಾ? ಕಾಗದ ಇಲ್ಲದ ಹೆಸರಿಗೆ ಒಂದು ರೂಪಾಯಿಯನ್ನೂ ಜಾಸ್ತಿ ಕೊಡಬಾರದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ನಾನು ಹೊಸದಾಗಿ ಮಾಡಿದ್ದು ಅಂತ ಗೊತ್ತಿದ್ದೇ 14,000ಕ್ಕೆ ತರಿಸಿದೆ, ಸಾಗಣೆ ಬೇರೆ. ಬೆನ್ನು ನೆಟ್ಟಗೆ ಇರುತ್ತದೆ, ಓದೋಕೆ ಮೂರರಲ್ಲಿ ಇದೇ ಒಳ್ಳೇದು. ತೊಂದರೆ ಬೆತ್ತದಲ್ಲಿ. ಇದು ಮಷೀನಿನಲ್ಲಿ ಹೆಣೆದ ಹಾಳೆ, ಅಂಚಿನ ತೋಡಿನಲ್ಲಿ ಒತ್ತಿ ಅಂಟಿಸಿದ್ದು. ನಮ್ಮ ಒಣ ಬಿಸಿಲಿಗೆ ಅದು ಬೇಗ ಒಣಗುತ್ತದೆ, ಅಂಚಿನಲ್ಲಿ ಬಿರಿಯುತ್ತದೆ. ಬೇಸಿಗೆಯಲ್ಲಿ ಆಗಾಗ ಅಡಿಯಿಂದ ಒದ್ದೆ ಬಟ್ಟೆ ಒತ್ತಿದರೆ ತಡೆಯುತ್ತದೆ.

ಇನ್ನು ಬ್ರಹ್ಮಪುರದ್ದು. ಇದಕ್ಕೆ ಯಾವ ಡಿಸೈನರನ ಹೆಸರೂ ಇಲ್ಲ. ಉದ್ದ ತೋಳು, ಕಾಲು ಚಾಚಲು ಮಡಚುವ ಪಟ್ಟಿ. 6,500ಕ್ಕೆ ಬಂತು, ಬೆತ್ತ ಮತ್ತು ಪಾಲಿಶ್‌ಗೆ ಇನ್ನೊಂದು 3,500. ಕೊಳ್ಳುವಾಗ ಬಡಿಗರನ್ನು ಕರೆದುಕೊಂಡು ಹೋಗಿದ್ದೆ. ಅದರ ಜೊತೆಗೇ ಇಟ್ಟಿದ್ದ ಇನ್ನೊಂದನ್ನು ಅವರು ಅಡಿಯಿಂದ ಉಗುರಲ್ಲಿ ಕೆರೆದು ನೋಡಿ "ಸರ, ಇದು ಸಾಗವಾನಿ ಅಲ್ರೀ, ಬಣ್ಣ ಹಚ್ಯಾರ" ಅಂದರು. ನೀವೂ ಕುರ್ಚಿಯನ್ನು ತಿರುಗಿಸಿ ನೋಡಿ, ಪಾಲಿಶ್ ಇಲ್ಲದ ಅಡಿಭಾಗ ಸುಳ್ಳು ಹೇಳೋದಿಲ್ಲ. ಸಣ್ಣ ತೂತಿನ ಕೆಳಗೆ ಹೊಸ ಹಿಟ್ಟು ಬಿದ್ದಿದ್ದರೆ ಹುಳ ಇನ್ನೂ ಒಳಗಿದೆ ಅಂತ ಅರ್ಥ, ಅಂಥದನ್ನು ಮನೆಗೆ ತರಲೇಬೇಡಿ. ಜಾಯಿಂಟ್ ಅಲ್ಲಾಡಿದರೆ ಪರವಾಗಿಲ್ಲ, ಬಿಚ್ಚಿ ಅಂಟು ಹಾಕಬಹುದು. ಮೊಳೆ ಹೊಡೆದು ಕೂಡಿಸಿದ್ದರೆ ಮರ ಸೀಳಿರುತ್ತದೆ, ಬೆಲೆ ಅರ್ಧಕ್ಕೆ ಇಳಿಸಿ. ಪ್ಲಾಸ್ಟಿಕ್ ಬೆತ್ತ ಹಾಕ್ತೀನಿ, ಅಗ್ಗ ಅಂತಾರೆ. ಬೇಡ. ಅದು ಬಿಸಿಯಾಗುತ್ತದೆ, ಜೋತು ಬೀಳುತ್ತದೆ.

ಗಾಳಿ ಬೆನ್ನಿನ ತನಕ ಬರುವ ಸುಖ ಮೂರರಲ್ಲಿ ಇದರಲ್ಲೇ ಜಾಸ್ತಿ. ಮಧ್ಯಾಹ್ನ ಊಟ ಮಾಡಿ ಮಲಗೋಕೆ ಇದಕ್ಕೆ ಸಾಟಿ ಇಲ್ಲ. ಕೆಟ್ಟರೆ ಇಲ್ಲೇ ರಿಪೇರಿ ಆಗುತ್ತದೆ, ನಾನು ಇದನ್ನೇ ಆರಿಸೋಕೆ ಮುಖ್ಯ ಕಾರಣ ಅದು. ಕೂತು ಚಹಾ ಕುಡಿಯೋಕೆ, ಬಂದವರ ಜೊತೆ ಮಾತಾಡೋಕೆ ಮಾತ್ರ ಆಗೋದಿಲ್ಲ, ತೀರಾ ಹಿಂದಕ್ಕೆ ಒರಗಿಸುತ್ತದೆ. ಮೊಣಕಾಲು ನೋವಿರುವ ಹಿರಿಯರು ಇದರಿಂದ ಏಳೋದೂ ಕಷ್ಟ. ಅಂಥ ಮನೆಗೆ ಚಂಡೀಗಢ ಮಾದರಿಯೇ ಸರಿ, ಅದನ್ನೂ ಫೋಟೋ ನೋಡಿ ಆರ್ಡರ್ ಮಾಡಬೇಡಿ, ಸೀಟಿನ ಎತ್ತರ ಎಷ್ಟು ಇಂಚು ಅಂತ ಫೋನಿನಲ್ಲಿ ಕೇಳಿ ಮನೆಯಲ್ಲಿರುವ ಕುರ್ಚಿಗೆ ಟೇಪ್ ಹಿಡಿದು ಹೋಲಿಸಿ.